ಯಜಮಾನರು ಮಿಲಿಟರಿಯಲ್ಲಿ, ಹೊಲ ಊರಿನಲ್ಲಿ: ಅಧಿಕಾರ ಪತ್ರ ಅಂದರೇನು?



ನಮ್ಮ ಕಲಿಕೆ ಕೇಂದ್ರದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇವೆ, ಕೇಳಿ.

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಒಂದು ಊರು. ಕಾಲುವೆ ನೀರಿನ ಊರು. ಭತ್ತ, ಬಾಳೆ, ಕಬ್ಬು ಬೆಳೆಯುತ್ತಾರೆ. ಅಲ್ಲಿಂದ ಒಬ್ಬ ಅಕ್ಕ ನಮ್ಮ ಕೇಂದ್ರಕ್ಕೆ ಬರುತ್ತಿದ್ದಳು. ಆಕೆಯ ಹೆಸರು ಇಲ್ಲಿ ಬೇಡ. ಆಕೆಯ ಗಂಡ ಮಿಲಿಟರಿಯಲ್ಲಿ ಇದ್ದಾನೆ. ವರ್ಷಕ್ಕೆ ಒಂದೆರಡು ಸಲ ರಜೆಗೆ ಬರುತ್ತಾನೆ. ಉಳಿದ ದಿನ ಮನೆ, ಮಕ್ಕಳು, ಅತ್ತೆ, ಎರಡು ಎಕರೆ ಹೊಲ, ಎಲ್ಲ ಈಕೆಯದೇ ಹೊಣೆ. ಹೊಲದ ಪಹಣಿ ಮಾತ್ರ ಗಂಡನ ಹೆಸರಿನಲ್ಲಿ ಇದೆ.

ಪಕ್ಕದ ಹೊಲದವರು ಬದುವಿನ ಬಗ್ಗೆ ಜಗಳ ತೆಗೆದರು. ಕೋರ್ಟಿನಲ್ಲಿ ದಾವೆ ಹಾಕಿದರು. ಗಂಡನ ಹೆಸರಿಗೆ ಸಮನ್ಸ್ ಬಂತು. ಗಂಡ ಇರುವುದು ಕಾಶ್ಮೀರದಲ್ಲಿ. ಫೋನಿನಲ್ಲಿ, "ಈಗ ರಜೆ ಸಿಗಂಗಿಲ್ಲ" ಅಂದ.

ಆಗ ದೂರದ ಸಂಬಂಧಿ ಒಬ್ಬ ಮನೆಗೆ ಬಂದ. ಕೈಯಲ್ಲಿ ಸ್ಟಾಂಪ್ ಕಾಗದ ಇತ್ತು.

"ನಿನಗ್ಯಾಕ ತಂಗೆವ್ವ ಕೋರ್ಟು ಕಚೇರಿ ತಿರುಗಾಟ? ಈ ಕಾಗದಕ್ಕ ಅವನ ಸಹಿ ತರಿಸಿ ಕೊಡು. ಎಲ್ಲಾ ನಾನ ನೋಡ್ಕಂತೀನಿ" ಅಂದ.

ಹಿಂದಿನ ದಿನವಾಗಿದ್ದರೆ ಅಕ್ಕ ಆ ಕಾಗದವನ್ನು ಹಾಗೇ ಅಂಚೆಗೆ ಹಾಕುತ್ತಿದ್ದಳು. ಆದರೆ ಆಕೆ ಈಗ ಓದು ಕಲಿತಿದ್ದಳು. ರಾತ್ರಿ ದೀಪದ ಕೆಳಗೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅರ್ಧಕ್ಕೆ ಒಂದು ಪದ ಬಂತು. ಅಲ್ಲಿಗೆ ನಿಂತಳು. ಮರುದಿನ ಕಾಗದ ಹಿಡಿದು ನಮ್ಮ ಹತ್ತಿರ ಬಂದಳು.

"ಟೀಚರ್, ಇದರಾಗ ಕ್ರಯ ಅಂತ ಬರದೈತಿ. ಕ್ರಯ ಅಂದ್ರ ಮಾರೋದಲ್ಲೇನ್ರಿ? ನಮ್ಮದು ಬದುವಿನ ಕೇಸು. ಮಾರೋ ಮಾತು ಯಾಕ ಬಂತು?"

ನಾವು ಓದಿ ನೋಡಿದೆವು. ಆಕೆ ಹೇಳಿದ್ದು ಸರಿ ಇತ್ತು. ಕೋರ್ಟಿನ ಮಾತು ಒಂದು ಸಾಲು ಇತ್ತು. ಉಳಿದದ್ದೆಲ್ಲ ಬೇರೆ. ಹೊಲ ಕ್ರಯ ಮಾಡಲು, ಅಡವು ಇಡಲು, ಹಣ ಪಡೆಯಲು, ಪತ್ರ ನೋಂದಣಿ ಮಾಡಿಕೊಡಲು ಆ ಸಂಬಂಧಿಗೇ ಪೂರಾ ಅಧಿಕಾರ ಅಂತ ಬರೆದಿತ್ತು.

ಒಂದು ಪದ ಓದಲು ಬಂದಿದ್ದಕ್ಕೆ ಎರಡು ಎಕರೆ ಹೊಲ ಉಳಿಯಿತು. ಆ ಕಾಗದ ಯಾವುದು? ಅದು ನಮಗೆ ಯಾವಾಗ ಬೇಕು, ಯಾವಾಗ ಬೇಡ? ಈ ಪಾಠದಲ್ಲಿ ತಿಳಿಯೋಣ.

ಅಧಿಕಾರ ಪತ್ರ ಅಂದರೆ

ನಮ್ಮ ಕೆಲಸ ಮಾಡಲು ನಾವೇ ಹೋಗಲು ಆಗದಿದ್ದಾಗ ಇನ್ನೊಬ್ಬರನ್ನು ಕಳಿಸುತ್ತೇವೆ. "ನನ್ನ ಬದಲು ಇವರು ಬಂದಿದ್ದಾರೆ, ಇವರು ಮಾಡಿದ್ದು ನಾನು ಮಾಡಿದ ಹಾಗೆ" ಅಂತ ಬರೆದು ಸಹಿ ಹಾಕಿ ಕೊಡುತ್ತೇವೆ. ಇದೇ ಅಧಿಕಾರ ಪತ್ರ. ಹಳಬರು ಇದನ್ನು ಮುಖ್ತ್ಯಾರ್ ಪತ್ರ ಅನ್ನುತ್ತಾರೆ. ಕಚೇರಿಗಳಲ್ಲಿ ಪವರ್ ಆಫ್ ಅಟಾರ್ನಿ ಅನ್ನುತ್ತಾರೆ. ಜಿ.ಪಿ.ಎ. ಅಂತಲೂ ಹೇಳುವುದನ್ನು ಕೇಳಿರುತ್ತೀರಿ.

ಇದಕ್ಕೆ 1882ರಷ್ಟು ಹಳೆಯ ಕಾಯಿದೆ ಇದೆ. ಆ ಕಾಯಿದೆಯಲ್ಲಿ ನಮಗೆ ಸಂಬಂಧಿಸಿದ ಒಂದು ಮಾತಿದೆ. ಮದುವೆಯಾದ ವಯಸ್ಕ ಹೆಣ್ಣುಮಗಳು ತನ್ನ ಕೆಲಸಕ್ಕೆ ತಾನೇ ಅಧಿಕಾರ ಪತ್ರ ಬರೆದುಕೊಡಬಹುದು. ಅಂದರೆ ನಮ್ಮ ಹೆಸರಿನ ಮನೆಗೆ, ಹೊಲಕ್ಕೆ ಯಾರಿಗೆ ಅಧಿಕಾರ ಕೊಡಬೇಕು ಅನ್ನುವುದು ನಮ್ಮ ಇಷ್ಟ.

ಅಧಿಕಾರ ಪತ್ರದಲ್ಲಿ ಎರಡು ಬಗೆ.

ಒಂದು, ವಿಶೇಷ ಅಧಿಕಾರ ಪತ್ರ. ಇದು ಒಂದೇ ಕೆಲಸಕ್ಕೆ. ಈ ಕೇಸು ನಡೆಸಲು, ಈ ವರ್ಷ ಹೊಲ ಲಾವಣಿಗೆ ಕೊಡಲು, ಹೀಗೆ. ಕೆಲಸ ಮುಗಿದರೆ ಪತ್ರವೂ ಮುಗಿಯಿತು.

ಇನ್ನೊಂದು, ಸಾಮಾನ್ಯ ಅಧಿಕಾರ ಪತ್ರ. ಇದು ಬಹಳ ಕೆಲಸಗಳಿಗೆ. ಹೆಸರು "ಸಾಮಾನ್ಯ" ಅಂತ ಇದ್ದರೂ ಇದು ಸಾಮಾನ್ಯ ಕಾಗದ ಅಲ್ಲ. ಇದನ್ನು ಕೊಡುವುದು ಅಂದರೆ ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟ ಹಾಗೆ.

ಒಂದು ಬಾಗಿಲು ತೆಗೆಯಲು ಒಂದು ಕೀಲಿಕೈ ಸಾಕು. ಗೊಂಚಲು ಯಾಕೆ ಬೇಕು?

ಸೈನಿಕರಿಗೆ ಇದು ಯಾಕೆ ಬೇಕಾಗುತ್ತದೆ

ಸೈನಿಕನ ಕೆಲಸ ನಮ್ಮ ಗಣಿ ಕೆಲಸದ ಹಾಗಲ್ಲ. ಸಂಡೂರಿನ ಗಣಿಗೆ ಹೋದವರು ಸಂಜೆಗೆ ಮನೆಗೆ ಬರುತ್ತಾರೆ. ಗಡಿಗೆ ಹೋದವರು ಕರೆದಾಗ ಬರಲು ಆಗುವುದಿಲ್ಲ.

2016ರ ಫೆಬ್ರುವರಿ ತಿಂಗಳು. ಸಿಯಾಚಿನ್ ಎಂಬ ಹಿಮದ ಬೆಟ್ಟದಲ್ಲಿ, 19 ಸಾವಿರ ಅಡಿಗೂ ಎತ್ತರದಲ್ಲಿ, ಹಿಮ ಕುಸಿದು 10 ಸೈನಿಕರು ಸಿಕ್ಕಿಕೊಂಡರು. ಅವರಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಒಬ್ಬರು. ಆರು ದಿನ ಹಿಮದ ಅಡಿಯಲ್ಲಿ ಇದ್ದು ಜೀವಂತ ಸಿಕ್ಕರು. ಆದರೆ ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ಕರ್ನಾಟಕ ಅವರಿಗಾಗಿ ಕಣ್ಣೀರು ಹಾಕಿತು. ಅಂಥ ಜಾಗದಲ್ಲಿ ಇರುವವರು ಬದುವಿನ ಕೇಸಿಗೆ ಹೊಸಪೇಟೆಗೆ ಬಂದು ನಿಲ್ಲುವುದು ಹೇಗೆ?

ಇದು ಇಂದಿನ ಮಾತಲ್ಲ. ಊರ ಹೊರಗೆ, ಗುಡಿಯ ಮಗ್ಗುಲಲ್ಲಿ ವೀರಗಲ್ಲು ನೋಡಿರುತ್ತೀರಿ. ಕಾಳಗದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಸತ್ತ ವೀರನ ಮನೆಯವರಿಗೆ ಅರಸರು ಭೂಮಿ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು ಅಂತ ಕಲ್ಲಿನಲ್ಲಿ ಬರೆಸುತ್ತಿದ್ದರು. ಬರೆದರೆ ಉಳಿಯುತ್ತದೆ ಅಂತ ಆ ಕಾಲದವರಿಗೂ ಗೊತ್ತಿತ್ತು.

ಈಗ ಹೆಣ್ಣುಮಕ್ಕಳೂ ಸೈನ್ಯದಲ್ಲಿ ಇದ್ದಾರೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿ 83 ಹೆಣ್ಣುಮಕ್ಕಳು ಸೈನ್ಯದ ಪೊಲೀಸ್ ಪಡೆಗೆ ಸೇರಿದರು. 2022ರಿಂದ ನಾಲ್ಕು ವರ್ಷದ ಅಗ್ನಿವೀರ ಕೆಲಸಕ್ಕೂ ಹುಡುಗರು, ಹುಡುಗಿಯರು ಹೋಗುತ್ತಿದ್ದಾರೆ. ಹಾಗಾಗಿ ಈ ಪಾಠ ಹೆಂಡತಿಗೆ ಮಾತ್ರ ಅಲ್ಲ. ತಾಯಿಗೂ ಬೇಕು, ಅಕ್ಕನಿಗೂ ಬೇಕು.

ಕೋರ್ಟಿನ ಕೇಸಿಗೆ ಒಂದು ಸುಲಭ ದಾರಿ

ನಾವು ಆ ಅಕ್ಕನನ್ನು ಕರೆದುಕೊಂಡು ಕಾನೂನು ಸೇವಾ ಸಮಿತಿಗೆ ಹೋದೆವು. ಇದು ಕೋರ್ಟಿನ ಆವರಣದಲ್ಲೇ ಇರುತ್ತದೆ. 1987ರ ಕಾಯಿದೆ ಪ್ರಕಾರ ಹೆಣ್ಣುಮಕ್ಕಳಿಗೆ ಇಲ್ಲಿ ಪುಕ್ಕಟೆ ವಕೀಲರ ಸಹಾಯ ಸಿಗುತ್ತದೆ. ಆದಾಯ ಎಷ್ಟು ಅಂತ ಹೆಣ್ಣುಮಕ್ಕಳಿಗೆ ಕೇಳುವ ಹಾಗಿಲ್ಲ.

ಅಲ್ಲಿನ ವಕೀಲರು ಕಾಗದ ಓದಿ ನಕ್ಕರು.

"ನಿಮ್ಮ ಕೇಸಿಗೆ ಈ ಕಾಗದ ಬೇಕಾಗೇ ಇಲ್ಲಮ್ಮ. ಸೈನಿಕರಿಗೆ ಬೇರೆ ದಾರಿ ಇದೆ" ಅಂದರು.

ಅವರು ಹೇಳಿದ ದಾರಿ ಇದು. ಸಿವಿಲ್ ಕೋರ್ಟು ಹೇಗೆ ನಡೆಯಬೇಕು ಅಂತ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಅದರ 28ನೇ ಆದೇಶ ಸೈನಿಕರಿಗಾಗಿಯೇ ಇದೆ. ಕೇಸಿಗೆ ಬರಲು ರಜೆ ಸಿಗದ ಸೈನಿಕ ತನ್ನ ಬದಲು ಕೇಸು ನಡೆಸಲು ಯಾರಿಗಾದರೂ ಅಧಿಕಾರ ಕೊಡಬಹುದು. ಹೆಂಡತಿಗೆ ಕೊಡಬಹುದು. ತಾಯಿಗೆ, ಅಣ್ಣನಿಗೆ ಕೊಡಬಹುದು.

ಇದನ್ನು ಮಾಡುವ ಕ್ರಮ ಹೀಗೆ.

ಮೊದಲು, ಸೈನಿಕ ಬರವಣಿಗೆಯಲ್ಲಿ ಅಧಿಕಾರ ಕೊಡಬೇಕು.

ಎರಡನೆಯದು, ತನ್ನ ಕಮಾಂಡಿಂಗ್ ಅಧಿಕಾರಿಯ ಮುಂದೆ ಅದಕ್ಕೆ ಸಹಿ ಹಾಕಬೇಕು.

ಮೂರನೆಯದು, ಆ ಅಧಿಕಾರಿಯೂ ಅದಕ್ಕೆ ಸಹಿ ಹಾಕಬೇಕು.

ನಾಲ್ಕನೆಯದು, ಆ ಪತ್ರವನ್ನು ಕೋರ್ಟಿಗೆ ಕೊಡಬೇಕು.

ಅಧಿಕಾರಿಯ ಸಹಿ ಇದ್ದರೆ ಸಾಕು. ಸೈನಿಕನೇ ಸಹಿ ಹಾಕಿದ್ದಾನೆ, ಅವನಿಗೆ ರಜೆ ಸಿಕ್ಕಿಲ್ಲ, ಈ ಎರಡಕ್ಕೂ ಆ ಸಹಿಯೇ ಪುರಾವೆ. ಅಧಿಕಾರ ಪಡೆದವರು ತಾವೇ ಕೇಸು ನಡೆಸಬಹುದು, ಇಲ್ಲವೆ ವಕೀಲರನ್ನು ಇಡಬಹುದು.

ಪತ್ರದಲ್ಲಿ ಬರೆಯುವ ಮಾತು ಹೆಚ್ಚು ಕಡಿಮೆ ಹೀಗಿರುತ್ತದೆ:

"ನಾನು ............ ಪಡೆಯಲ್ಲಿ ಕೆಲಸದಲ್ಲಿ ಇದ್ದೇನೆ. ............ ಕೋರ್ಟಿನ ............ ನಂಬರಿನ ದಾವೆ ನನ್ನ ಮೇಲೆ ಇದೆ. ಅದಕ್ಕೆ ಬರಲು ನನಗೆ ರಜೆ ಸಿಗುತ್ತಿಲ್ಲ. ಈ ದಾವೆಯನ್ನು ನನ್ನ ಬದಲು ನಡೆಸಲು ನನ್ನ ಹೆಂಡತಿ ............ ಅವರಿಗೆ ಅಧಿಕಾರ ಕೊಟ್ಟಿದ್ದೇನೆ."

ನೋಡಿ, ಇದರಲ್ಲಿ ಕ್ರಯ ಇಲ್ಲ. ಅಡವು ಇಲ್ಲ. ಹಣದ ಮಾತಿಲ್ಲ. ಕೇಸಿನ ಮಾತು ಮಾತ್ರ ಇದೆ.

ಇದರಲ್ಲಿ ತಡ ಮಾಡಬಾರದು. ಸಮನ್ಸ್ ಕೈಗೆ ಬಂದ ಮೇಲೆ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕಾರಣ ಹೇಳಿದರೆ ಕೋರ್ಟು 90 ದಿನದ ತನಕ ಸಮಯ ಕೊಡಬಹುದು. ಯಾರೂ ಹೋಗದಿದ್ದರೆ ಎದುರಿನವರ ಮಾತೊಂದನ್ನೇ ಕೇಳಿ ತೀರ್ಪು ಆಗಿಬಿಡಬಹುದು. ಹಾಗಾಗಿ ಸಮನ್ಸ್ ಬಂದ ದಿನವನ್ನು ಅದರ ಮೇಲೇ ಬರೆದಿಡಿ. ಗಂಡನಿಗೆ ಅದೇ ದಿನ ತಿಳಿಸಿ.

ಸೈನಿಕರಿಗೆ ಇನ್ನೂ ಎರಡು ರಕ್ಷಣೆ ಇವೆ. ಯುದ್ಧದ ಕೆಲಸದಲ್ಲೋ ವಿಶೇಷ ಪರಿಸ್ಥಿತಿಯ ಕೆಲಸದಲ್ಲೋ ಇರುವ ಸೈನಿಕನ ಪರವಾಗಿ ಕೋರ್ಟಿನಲ್ಲಿ ಯಾರೂ ಇಲ್ಲದಿದ್ದರೆ, ಆ ಕೇಸನ್ನು ಸಾಮಾನ್ಯವಾಗಿ ತಡೆದು ನಿಲ್ಲಿಸಬೇಕು. ಇದಕ್ಕೆ 1925ರ ಒಂದು ಕಾಯಿದೆ ಇದೆ. ಮತ್ತೆ, ಸಾಕ್ಷಿ ಹೇಳಲು ಸೈನಿಕನೇ ಬರಬೇಕಾದ ಸಂದರ್ಭ ಇರುತ್ತದೆ. ಅವನಿಗೊಬ್ಬನಿಗೇ ಗೊತ್ತಿರುವ ಮಾತನ್ನು ಅವನ ಬದಲು ಬೇರೆಯವರು ಸಾಕ್ಷಿಯಾಗಿ ಹೇಳಲು ಬರುವುದಿಲ್ಲ. ಆಗ ಅವನು ರಜೆಯ ಸರ್ಟಿಫಿಕೇಟನ್ನು ಕೋರ್ಟಿಗೆ ಕೊಟ್ಟರೆ, ಆದಷ್ಟು ಮಟ್ಟಿಗೆ ಆ ರಜೆಯೊಳಗೇ ಕೇಸು ಕೇಳಬೇಕು ಅಂತ 1950ರ ಸೇನಾ ಕಾಯಿದೆ ಹೇಳುತ್ತದೆ.

ಬೇರೆ ಕೆಲಸಗಳಿಗೆ ಏನು ಮಾಡಬೇಕು

ಬ್ಯಾಂಕಿನ ಕೆಲಸ: ಇದಕ್ಕೆ ಅಧಿಕಾರ ಪತ್ರ ಬೇಕಾಗುವುದು ಕಡಿಮೆ. ಗಂಡ ರಜೆಗೆ ಬಂದಾಗ ಇಬ್ಬರೂ ಹೋಗಿ ಜಂಟಿ ಖಾತೆ ಮಾಡಿಸಿ. "ಇಬ್ಬರಲ್ಲಿ ಯಾರಾದರೂ ಒಬ್ಬರು, ಅಥವಾ ಉಳಿದವರು" ಹಣ ತೆಗೆಯಬಹುದು ಅಂತ ಬರೆಸಿ. ಆಗ ಒಬ್ಬರ ಸಹಿ ಸಾಕು.

ಹೊಲ ಲಾವಣಿ, ಬೆಳೆ ಸಾಲ, ಕಂದಾಯ: ಇವಕ್ಕೆ ವಿಶೇಷ ಅಧಿಕಾರ ಪತ್ರ ಸಾಕಾಗುತ್ತದೆ. ಯಾವ ಸರ್ವೆ ನಂಬರು, ಯಾವ ಕೆಲಸ, ಎಷ್ಟು ದಿನ ಅಂತ ಅದರಲ್ಲಿ ಬರೆಯಬೇಕು. ಬ್ಯಾಂಕಿಗೆ, ಕಚೇರಿಗೆ ಯಾವ ರೀತಿಯ ಪತ್ರ ಬೇಕು ಅಂತ ಮೊದಲೇ ಕೇಳಿಕೊಳ್ಳಿ. ಎರಡು ಸಲ ಖರ್ಚು ಮಾಡಬೇಡಿ.

ಹೊಲ, ಮನೆ ಮಾರುವುದು, ಕೊಳ್ಳುವುದು: ಇದು ದೊಡ್ಡ ಕೆಲಸ. ಆದಷ್ಟು ಗಂಡ ಬಂದಾಗಲೇ ಮಾಡಿ. ಅವನ ಬದಲು ಬೇರೆಯವರು ಪತ್ರವನ್ನು ನೋಂದಣಿಗೆ ಕೊಡಬೇಕಾದರೆ ಅಧಿಕಾರ ಪತ್ರಕ್ಕೆ ಮನೆಯಲ್ಲಿ ಕೂತು ಸಹಿ ಹಾಕಿದರೆ ಸಾಲದು. 1908ರ ನೋಂದಣಿ ಕಾಯಿದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಮುಂದೆ ಸಹಿ ಆಗಬೇಕು. ಹೊಸಪೇಟೆಗೇ ಬರಬೇಕು ಅಂತಿಲ್ಲ. ಸೈನಿಕ ಆಗ ಯಾವ ಊರಿನಲ್ಲಿ ವಾಸ ಇದ್ದಾನೋ ಆ ಊರಿನ ಸಬ್ ರಿಜಿಸ್ಟ್ರಾರ್ ಮುಂದೆ ಮಾಡಬಹುದು. ಹೊರದೇಶದಲ್ಲಿ ಇದ್ದರೆ ಅಲ್ಲಿನ ನೋಟರಿ ಮುಂದೆ, ಇಲ್ಲವೆ ನಮ್ಮ ದೇಶದ ರಾಯಭಾರ ಕಚೇರಿಯ ಕಾನ್ಸಲ್ ಅಧಿಕಾರಿ ಮುಂದೆ ಮಾಡಬಹುದು.

ಓಟು: ಇದಕ್ಕೆ ಈ ಅಧಿಕಾರ ಪತ್ರ ನಡೆಯುವುದಿಲ್ಲ. ಸೈನಿಕರು ತಮ್ಮ ಬದಲು ಓಟು ಹಾಕಲು ಊರಿನವರೊಬ್ಬರನ್ನು ನೇಮಿಸಬಹುದು. ಆ ಅವಕಾಶ 2003ರಿಂದ ಇದೆ. ಅದಕ್ಕೆ ಬೇರೆಯೇ ಫಾರಂ ಇರುತ್ತದೆ.

ಮೋಸ ಆಗುವುದು ಎಲ್ಲಿ

"ಜಿ.ಪಿ.ಎ. ಮೇಲೆ ಸೈಟು ಕೊಡ್ತೀವಿ, ರಿಜಿಸ್ಟ್ರಿ ಆಮೇಲೆ ಮಾಡೋಣ" ಅನ್ನುವವರು ಇದ್ದಾರೆ. ನಂಬಬೇಡಿ. ಅಧಿಕಾರ ಪತ್ರ ಒಂದರಿಂದಲೇ ಯಾರೂ ಆಸ್ತಿಯ ಒಡೆಯರು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರ ಅಕ್ಟೋಬರ್‌ನಲ್ಲಿ ಹೇಳಿದೆ. ನೋಂದಣಿ ಆದ ಕ್ರಯ ಪತ್ರ ಬೇಕೇ ಬೇಕು.

ಹಾಗಾದರೆ ಆ ಅಕ್ಕನ ಮನೆಗೆ ಬಂದ ಕಾಗದದಿಂದ ಏನು ಅಪಾಯ ಇತ್ತು? ಅಪಾಯ ಇತ್ತು. ಮಾರುವ ಅಧಿಕಾರವನ್ನು ನಾವೇ ಸಹಿ ಹಾಕಿ ಕೊಟ್ಟರೆ, ಅಧಿಕಾರ ಪಡೆದವನು ನಮ್ಮ ಹೆಸರಿನಲ್ಲೇ ಇನ್ನೊಬ್ಬರಿಗೆ ಕ್ರಯ ಪತ್ರ ಮಾಡಿಕೊಡಬಹುದು. ಅವನು ಮಾಡಿದ್ದು ನಾವು ಮಾಡಿದ ಹಾಗೆ. ಆಮೇಲೆ "ನನಗೆ ಗೊತ್ತಿರಲಿಲ್ಲ" ಅಂದರೆ ಬಿಡಿಸಿಕೊಳ್ಳಲು ವರ್ಷಗಟ್ಟಲೆ ಕೋರ್ಟಿಗೆ ತಿರುಗಬೇಕು.

ಅಧಿಕಾರ ಪತ್ರದಲ್ಲಿ ಈ ಪದಗಳು ಬಂದರೆ ಅಲ್ಲೇ ನಿಲ್ಲಿ:

ಕ್ರಯ ಅಂದರೆ ಮಾರಾಟ.

ಅಡಮಾನ ಅಂದರೆ ಅಡವು ಇಡುವುದು.

ದಾನಪತ್ರ ಅಂದರೆ ಪುಕ್ಕಟೆ ಬರೆದುಕೊಡುವುದು.

ರಾಜಿ ಅಂದರೆ ಎದುರಿನವರ ಜೊತೆ ಒಪ್ಪಂದ.

ರದ್ದುಪಡಿಸಲಾಗದ ಅಂದರೆ ಕೊಟ್ಟಿದ್ದನ್ನು ವಾಪಸು ತೆಗೆದುಕೊಳ್ಳಬಾರದು ಅಂತ ಬರೆದಿರುವುದು.

ಈ ಪದಗಳು ಬಂದ ಕೂಡಲೇ ಅದು ಮೋಸ ಅಂತಲ್ಲ. ಬೇಕಾಗಿಯೇ ಬರೆದಿರಲೂಬಹುದು. ಆದರೆ ನಮಗೆ ಬೇಕೋ ಬೇಡವೋ ಅಂತ ಕೇಳಿ ತಿಳಿಯುವ ತನಕ ಸಹಿ ಹಾಕಬಾರದು. ಖಾಲಿ ಕಾಗದಕ್ಕೆ, ಬಿಟ್ಟ ಜಾಗಕ್ಕೆ ಎಂದೂ ಸಹಿ ಬೇಡ. ಹೆಬ್ಬೆಟ್ಟು ಅಂತೂ ಬೇಡವೇ ಬೇಡ. ಪತ್ರದ ಒಂದು ಪ್ರತಿ ನಮ್ಮ ಪೆಟ್ಟಿಗೆಯಲ್ಲಿ ಇರಲಿ.

ಕೊಟ್ಟ ಅಧಿಕಾರ ವಾಪಸು ಪಡೆಯುವುದು

ಸಾಮಾನ್ಯವಾಗಿ ಕೊಟ್ಟ ಅಧಿಕಾರವನ್ನು ವಾಪಸು ಪಡೆಯಬಹುದು. ಬಾಯಿ ಮಾತಿನಲ್ಲಿ ಬೇಡ, ಬರೆದು ಮಾಡಬೇಕು. ಸಬ್ ರಿಜಿಸ್ಟ್ರಾರ್ ಮುಂದೆ ಕೊಟ್ಟಿದ್ದರೆ ಅಲ್ಲಿಯೇ ರದ್ದು ಪತ್ರ ಮಾಡಿಸಿ. ಅಧಿಕಾರ ಪಡೆದವನಿಗೆ ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ. ಬ್ಯಾಂಕಿಗೆ ತಿಳಿಸಿ. ಪೇಪರಿನಲ್ಲಿ ಪ್ರಕಟಣೆ ಕೊಡುವುದು ಒಳ್ಳೆಯದು. ಯಾಕೆ ಇಷ್ಟೆಲ್ಲ? ರದ್ದಾದ ಸುದ್ದಿ ತಿಳಿಯುವ ತನಕ ಅವನು ಮಾಡಿದ ಕೆಲಸ ನಮ್ಮ ತಲೆಗೇ ಬರಬಹುದು. ಅದಕ್ಕೆ.

ಅಧಿಕಾರ ಪಡೆದವನು ಲೆಕ್ಕ ಕೊಡಬೇಕು. ಅದು ಅವನ ಕರ್ತವ್ಯ. ಲೆಕ್ಕ ಕೇಳುವುದು ಅಪನಂಬಿಕೆ ಅಲ್ಲ.

ಹೇಳಲು ಕಷ್ಟವಾದ ಮಾತು

ಒಂದು ಮಾತು ಬಾಯಿಗೆ ಬರುವುದಿಲ್ಲ. ಆದರೂ ಹೇಳಬೇಕು. ಅಧಿಕಾರ ಪತ್ರ ಕೊಟ್ಟವರು ತೀರಿಕೊಂಡರೆ ಆ ಪತ್ರದ ಜೀವವೂ ಹೋಗುತ್ತದೆ. ಮರುದಿನದಿಂದ ಸಾಮಾನ್ಯವಾಗಿ ಅದು ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು, "ನಮ್ಮ ಹತ್ರ ಪತ್ರ ಐತಲ್ಲ" ಅಂತ ಧೈರ್ಯವಾಗಿ ಇದ್ದುಬಿಡುತ್ತಾರೆ.

ಅದಕ್ಕೆ ಬೇರೆ ಕಾಗದಗಳು ಬೇಕು. ಬ್ಯಾಂಕಿನಲ್ಲಿ, ವಿಮೆಯಲ್ಲಿ, ಸೈನ್ಯದ ದಾಖಲೆಯಲ್ಲಿ ನಾಮಿನಿ ಹೆಸರು ಬರೆಸಿರಬೇಕು. ಮದುವೆಯಾದ ಮೇಲೆ ಹೆಂಡತಿಯ ಹೆಸರು, ಮಕ್ಕಳ ಹೆಸರು ದಾಖಲೆಗೆ ಸೇರಿದೆಯೇ ಅಂತ ಕೇಳಬೇಕು. ಹೆಸರಿನ ಅಕ್ಷರ ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಇದೆಯೇ ನೋಡಬೇಕು. ಬಹಳ ಮನೆಗಳಲ್ಲಿ ಮದುವೆಗೆ ಮೊದಲು ಬರೆಸಿದ ತಾಯಿಯ ಹೆಸರೇ ಉಳಿದಿರುತ್ತದೆ. ಅತ್ತೆಗೂ ಸೊಸೆಗೂ ಮನಸ್ತಾಪ ಬರದ ಹಾಗೆ ಮೊದಲೇ ಕೂತು ಮಾತಾಡಿಕೊಳ್ಳುವುದು ಮೇಲು.

ಆಸ್ತಿ ಯಾರಿಗೆ ಅನ್ನುವುದಕ್ಕೆ ಉಯಿಲು ಬರೆಯಬಹುದು. ಯುದ್ಧದಲ್ಲಿ ಇರುವ ಸೈನಿಕನಿಗೆ ಇದರಲ್ಲಿ ವಿಶೇಷ ರಿಯಾಯಿತಿ ಇದೆ. ಅವನು ಇಬ್ಬರು ಸಾಕ್ಷಿಗಳ ಮುಂದೆ ಬಾಯಲ್ಲಿ ಹೇಳಿದರೂ ಅದು ಉಯಿಲು ಆಗಬಹುದು. ಆದರೆ ಯುದ್ಧ ಮುಗಿದು ಅವನು ಬದುಕಿ ಬಂದ ಮೇಲೆ ಆ ಬಾಯಿ ಉಯಿಲು ಒಂದು ತಿಂಗಳು ಮಾತ್ರ ನಡೆಯುತ್ತದೆ. ಹಾಗಾಗಿ ನೆಮ್ಮದಿ ಇದ್ದಾಗ ಬರೆದಿಡುವುದೇ ಸರಿ.

ಸಹಾಯ ಎಲ್ಲಿ ಸಿಗುತ್ತದೆ

ಸೈನಿಕರ ಮನೆಯವರಿಗಾಗಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳು ಇವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇವೆ. ಹೊಸಪೇಟೆ, ಹಂಪಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿ ಇವೆ. ನಿಮ್ಮ ಜಿಲ್ಲೆಗೆ ಯಾವ ಕಚೇರಿ ಅಂತ ತಾಲ್ಲೂಕು ಕಚೇರಿಯಲ್ಲೋ ಜಿಲ್ಲಾಧಿಕಾರಿ ಕಚೇರಿಯಲ್ಲೋ ಕೇಳಿ. ಹೋಗುವಾಗ ಗಂಡನ ಸೈನ್ಯದ ನಂಬರು, ಪಡೆಯ ಹೆಸರು ಬರೆದುಕೊಂಡು ಹೋಗಿ.

ಕಾನೂನು ಸಹಾಯಕ್ಕೆ 15100 ನಂಬರಿಗೆ ಫೋನು ಮಾಡಬಹುದು. ಇದಕ್ಕೆ ದುಡ್ಡು ಬೀಳುವುದಿಲ್ಲ.

ಅಕ್ಕನ ಕೇಸು ಏನಾಯಿತು?

ಗಂಡನ ಕಮಾಂಡಿಂಗ್ ಅಧಿಕಾರಿ ಸಹಿ ಹಾಕಿದ ಪತ್ರ ಅಂಚೆಯಲ್ಲಿ ಬಂತು. ಅಕ್ಕ ತಾನೇ ಹೋಗಿ ಕೋರ್ಟಿಗೆ ಕೊಡಿಸಿದಳು. ವಕಾಲತ್ತಿಗೆ ತಾನೇ ಸಹಿ ಹಾಕಿದಳು. ಕೈ ನಡುಗಿತಂತೆ. ಆದರೂ ಹೆಸರಿನ ಒಂದು ಅಕ್ಷರ ತಪ್ಪಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ. ತಾರೀಕು ಇದ್ದ ದಿನ ಆಕೆ ಬುತ್ತಿ ಕಟ್ಟಿಕೊಂಡು ಬಸ್ ಹತ್ತುತ್ತಾಳೆ. ಆ ಸಂಬಂಧಿ ಈಗ ಮನೆಗೆ ಬರುವುದು ಕಡಿಮೆ ಮಾಡಿದ್ದಾನೆ.

ಆ ಹಳೆಯ ಕಾಗದವನ್ನು ಏನು ಮಾಡಿದೆ ಅಂತ ಕೇಳಿದೆವು.

"ಹರಿದಿಲ್ರಿ ಟೀಚರ್, ಇಟ್ಟೀನಿ. ಯಜಮಾನರು ಬಂದಾಗ ಅವರ ಮುಂದ ಓದಿ ತೋರಿಸ್ಬೇಕು" ಅಂದಳು.

ನೆನಪಿಡೋಣ

1. ಓದದೆ ಸಹಿ ಬೇಡ. ತಿಳಿಯದಿದ್ದರೆ ಕೇಳೋಣ.

2. ಒಂದು ಕೆಲಸಕ್ಕೆ ಒಂದೇ ಅಧಿಕಾರ ಕೊಡೋಣ.

3. ಕೋರ್ಟಿನ ಕೇಸಿಗೆ ಸೈನಿಕನ ಕಮಾಂಡಿಂಗ್ ಅಧಿಕಾರಿ ಸಹಿ ಮಾಡಿದ ಪತ್ರ ಸಾಕು.

4. ಅಧಿಕಾರ ಪತ್ರ ಬೇರೆ, ನಾಮಿನಿ ಬೇರೆ, ಉಯಿಲು ಬೇರೆ.

5. ಹೆಣ್ಣುಮಕ್ಕಳಿಗೆ ಕಾನೂನು ಸಹಾಯ ಪುಕ್ಕಟೆ.

ಓದಿ, ಮಾತಾಡಿ

1. ಅಕ್ಕ ಯಾವ ಪದ ಓದಿ ನಿಂತಳು? ಆ ಪದದ ಅರ್ಥ ಏನು?

2. ಸಾಮಾನ್ಯ ಅಧಿಕಾರ ಪತ್ರವನ್ನು ಕೀಲಿಕೈ ಗೊಂಚಲು ಅಂತ ಯಾಕೆ ಹೇಳಿದ್ದೇವೆ?

3. ನಿಮ್ಮ ಮನೆಯ ಪಹಣಿ, ಬ್ಯಾಂಕ್ ಪಾಸ್‌ಬುಕ್ ಯಾರ ಹೆಸರಿನಲ್ಲಿ ಇವೆ? ಇವತ್ತು ಮನೆಗೆ ಹೋಗಿ ತೆಗೆದು ಓದಿ. ನಾಳೆ ಬಂದು ಹೇಳಿ.